ಅಟ್ಟವಿಲ್ಲದ ಚರ್ಚು

ಊರವರ ಅಟ್ಟಗಳನ್ನೆಲ್ಲ ಕಟ್ಟಿದವನು ನಾನು. ನನ್ನ ಮನೆಗೇ ಅಟ್ಟ ಇಲ್ಲ, ಸಿಮೆಂಟಿನ ಮೋಲ್ಡ್ ಹಾಕಿಸಿದ ಮನೆ. ಹೊನ್ನವಳ್ಳಿಯಲ್ಲಿ ಇದನ್ನು ಆಡಿಕೊಂಡು ನಗದವರಿಲ್ಲ. ನಗಲಿ. ಭೀಮರಾಜು ಕೂರಿಸಿದ ತೊಲೆ ಬಾಗಿತು ಅಂತ ಇವತ್ತಿನವರೆಗೆ ಒಬ್ಬನೂ ನನ್ನ ಬಾಗಿಲಿಗೆ ಬಂದಿಲ್ಲ.

ಅಟ್ಟ ಅಂದರೆ ನಮ್ಮ ಕಡೆ ಹಳೇ ಪಾತ್ರೆ ತುರುಕುವ ಜಾಗವಲ್ಲ. ಸಿಪ್ಪೆ ಸುಲಿಯದ ತೆಂಗಿನಕಾಯಿ ಅಲ್ಲಿ ವರ್ಷವಿಡೀ ಮಲಗಿರುತ್ತದೆ. ಕೆಳಗೆ ಒಲೆ ಉರಿಯುತ್ತದೆ, ಜನ ಉಣ್ಣುತ್ತಾರೆ, ಜಗಳವಾಡುತ್ತಾರೆ. ಮೇಲೆ ಕಾಯಿ ತನ್ನ ಪಾಡಿಗೆ ತಾನು ನೀರು ಇಂಗಿಸಿಕೊಂಡು ಕೊಬ್ಬರಿಯಾಗುತ್ತದೆ. ಪೂರ್ತಿ ಒಣಗಿದ ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಹೊರಳುತ್ತದೆ. ಇಲಿ ಓಡಿದರೆ, ಕಾಯಿ ಕೂತಲ್ಲೇ ಸರಿದರೆ, ಲೊಟಕ್ ಅನ್ನುತ್ತದೆ. ಆ ಸದ್ದು ಕೇಳಿಯೇ ನಾವು ಅಟ್ಟ ಇಳಿಸುವ ಕಾಲ ಬಂತು ಅನ್ನುವುದು. ಬೇರೆ ಕಡೆಯವರು ತಲೆಯ ಮೇಲೆ ಸದ್ದಾದರೆ ದೇವರ ಹೆಸರು ಹೇಳುತ್ತಾರೆ. ನಾವು ಮಗ್ಗುಲು ಬದಲಿಸುತ್ತೇವೆ.

ನಮ್ಮಕ್ಕ ರಂಗಕ್ಕನೂ ಏಳು ವರ್ಷ ಹಾಗೇ ಮಗ್ಗುಲು ಬದಲಿಸಿದಳು.

ಏಳು ವರ್ಷದ ಹಿಂದೆ ನಮ್ಮ ಭಾವ ಆಂಜನಪ್ಪ ಮನೆಯಿಂದ ಹೋದವರು ತಿರುಗಿ ಬರಲಿಲ್ಲ. ನನ್ನ ಜೊತೆಯೇ ಅವರ ಕೆಲಸ. ಉಳಿ ಹಿಡಿಯುವುದರಲ್ಲಿ ನನಗಿಂತ ಒಂದು ಕೈ ಮೇಲು, ಕುಡಿಯುವುದರಲ್ಲಿ ಎರಡು ಕೈ. ಅವತ್ತು ನೊಣವಿನಕೆರೆಯ ಹತ್ತಿರ ಒಬ್ಬರ ಮನೆಯಲ್ಲಿ ಅಟ್ಟ ಹಾಕುತ್ತಿದ್ದೆವು. ಭಾವ ಅಳತೆ ತಪ್ಪಿ ತೊಲೆಯನ್ನು ಒಂದು ಗೇಣು ಗಿಡ್ಡ ಕೊಯ್ದುಬಿಟ್ಟರು. ಒಳ್ಳೆಯ ಹಲಸಿನ ಮರ. ನನಗೆ ಪಿತ್ತ ನೆತ್ತಿಗೇರಿತು. ಹತ್ತು ಜನರ ಎದುರಿಗೆ ಒಂದು ಮಾತು ಅಂದುಬಿಟ್ಟೆ. ಏನಂದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಈಗ ನಾಲಿಗೆ ಏಳುವುದಿಲ್ಲ. ಭಾವ ತಿರುಗಿ ಬೈಯಲಿಲ್ಲ. ಉಳಿಯನ್ನು ಒರೆಸಿ ಚೀಲಕ್ಕೆ ಹಾಕಿ, ಚೀಲವನ್ನು ನನ್ನ ಪಕ್ಕಕ್ಕಿಟ್ಟು, ಹೊರಗೆ ನಡೆದರು.

ರಾತ್ರಿಯೆಲ್ಲ ಮನೆಗೆ ಬಂದಿಲ್ಲ ಅಂತ ಅಕ್ಕ ಹೇಳಿಕಳಿಸಿದ ಮೇಲೆ, ಬೆಳಗಾಗುತ್ತಲೇ ನಾನು ಹುಡುಕಿಕೊಂಡು ಹೋದೆ. ಹೇಮಾವತಿ ನಾಲೆಯ ತೂಬಿನ ಮೆಟ್ಟಿಲ ಮೇಲೆ ಅವರ ಚಪ್ಪಲಿ ಇದ್ದವು. ಯಾರೋ ಜೋಡಿಸಿಟ್ಟ ಹಾಗೆ ಪಕ್ಕಪಕ್ಕ, ಮೂತಿ ನೀರಿನ ಕಡೆಗೆ. ಎಡಗಾಲಿನ ಪಟ್ಟಿಗೆ ನೀಲಿ ನೈಲಾನ್ ದಾರದ ಹೊಲಿಗೆ. ನಾಲೆಯಲ್ಲಿ ಆ ವಾರ ನೀರು ದಂಡೆ ಮುಟ್ಟಿ ಹರಿಯುತ್ತಿತ್ತು. ಸುತ್ತ ಒಂದು ನರಪಿಳ್ಳೆ ಇರಲಿಲ್ಲ.

ಆ ಚಪ್ಪಲಿ ತಂದು ಅಕ್ಕನ ಕೈಗೆ ಕೊಡಬೇಕಿತ್ತು, ಇಲ್ಲ ಪೊಲೀಸರಿಗಾದರೂ ಕೊಡಬೇಕಿತ್ತು. ಕೊಡಲಿಲ್ಲ. ಅಕ್ಕನ ತಾಳಿ ಉಳಿಯಲಿ ಅಂತ ಮುಚ್ಚಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹಿಂದಿನ ದಿನ ಏನು ನಡೆಯಿತು ಅಂತ ಅವಳು ಕೇಳುತ್ತಾಳಲ್ಲ, ಆ ಹೆದರಿಕೆಗೆ ಮುಚ್ಚಿಟ್ಟೆ. ನೀರಿಗೆ ಎಸೆಯಲು ಕೈ ಬರಲಿಲ್ಲ, ನನ್ನ ಮನೆಗೆ ಒಯ್ಯಲು ಧೈರ್ಯ ಬರಲಿಲ್ಲ. ಅವರ ವಸ್ತು ಅವರ ಮನೆಯಲ್ಲೇ ಇರಲಿ ಅಂತ ಯಾಕೋ ಅನ್ನಿಸಿತು. ಅಕ್ಕನ ಅಟ್ಟದಲ್ಲಿ ದೊಡ್ಡ ತೊಲೆ ಗೋಡೆಗೆ ಕೂರುವ ಕಡೆ, ತೊಲೆಯ ಹಿಂದೆ, ಒಂದು ಗೂಡು ಇದೆ. ಅದು ಕಟ್ಟಿದವನಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗುವಂಥದ್ದಲ್ಲ. ಅಕ್ಕ ಮನೆಯಲ್ಲಿಲ್ಲದ ಹೊತ್ತು ನೋಡಿ ಚಪ್ಪಲಿ ಅದರೊಳಗಿಟ್ಟು, ಮೇಲೆ ಹಲಗೆ ಮುಚ್ಚಿ, ನಾಲ್ಕು ಮೊಳೆ ಹೊಡೆದೆ.

ಅಲ್ಲಿಂದ ಮುಂದೆ ಅಕ್ಕನ ಅಟ್ಟಕ್ಕೆ ಬೇರೆ ಆಳು ಹತ್ತಲು ಬಿಡಲಿಲ್ಲ. ಕಾಯಿ ಹಾಕುವುದೂ ನಾನೇ, ಇಳಿಸುವುದೂ ನಾನೇ. ಭೀಮನಿಗೆ ಅಕ್ಕನ ಮೇಲೆ ಎಷ್ಟು ಪ್ರೀತಿ ನೋಡು ಅಂತ ಊರೇ ಹೊಗಳಿತು. ಅಕ್ಕ ವಾರಕ್ಕೊಮ್ಮೆ ಭಾವನ ಅಂಗಿ ಒಗೆದು ಹಗ್ಗದ ಮೇಲೆ ಹಾಕುವಳು. ಬಿಸಿ ಮುದ್ದೆ ಕಟ್ಟಿದ ಕೂಡಲೇ ಒಂದನ್ನು ಅವರ ತಟ್ಟೆಗೆ ತೆಗೆದಿಡುವಳು. ಅದನ್ನು ನೋಡಿಕೊಂಡು ಪಕ್ಕದಲ್ಲೇ ಕೂತು ನಾನೂ ಉಂಡಿದ್ದೇನೆ. ಉಂಡಿದ್ದು ಮೈಗೆ ಹತ್ತಲಿಲ್ಲ ಅಷ್ಟೇ.

ಎರಡನೇ ವರ್ಷವೇ ಇರಬೇಕು, ಅಕ್ಕ ಕೇಳಿದಳು: "ಭೀಮ, ಕಾಯಿ ಇಳಿಸಿ ತಿಂಗಳಾಯ್ತು. ಅಟ್ಟ ಖಾಲಿ ಬಿದ್ದದೆ. ಆದ್ರೂ ಸದ್ದು ಬತ್ತದೆ ಕಣ್ಲಾ."

"ಇಲಿ ಕಣಕ್ಕ."

"ಇಲಿ ಕಾಲಿಗೆ ಅಷ್ಟು ತೂಕ ಇರ್ತದಾ?"

"ಹೆಗ್ಗಣ ಇರ್ತವೆ, ಬುಡು" ಅಂದೆ. ಅವಳು ಬಿಟ್ಟಳು. ಆಮೇಲೆ ಅದಕ್ಕೂ ಹೊಂದಿಕೊಂಡಳು. ಕಾಯಿ ಸದ್ದು ಅನ್ನುವಳು, ಮಗ್ಗುಲು ಬದಲಿಸುವಳು.

ಈ ವರ್ಷ ಏಳು ತುಂಬಿತು. ಅಕ್ಕನ ಒಬ್ಬಳೇ ಮಗಳು ಸೌಂದರ್ಯ, ತುರುವೇಕೆರೆಗೆ ಕೊಟ್ಟಿದೆ. ದಿನಾ ಫೋನು ಮಾಡಿ ಅಳುವುದಕ್ಕೆ ಶುರುಮಾಡಿದಳು: ಅಪ್ಪ ಎಲ್ಲೋ ಗತಿಯಿಲ್ಲದೆ ಅಲೆಯುತ್ತಿದ್ದಾರೆ, ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟುಬಿಡೋಣ ಅಂತ. ದಾಯಾದಿಗಳೂ ಅದನ್ನೇ ಅಂದರು. ಅಕ್ಕ ಒಪ್ಪಲಿಲ್ಲ. "ಬದುಕಿರೋರಿಗೆ ಎಡೆ ಇಟ್ರೆ ನಾನೇ ಕೊಂದಂಗೆ ಕಣಪ್ಪ. ಇದಾರೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು. ಇಲ್ಲ ಅಂದ್ರೆ ಈ ತಾಳಿ ಬಿಚ್ಚಿಡೋಕೆ ನನಗೇನು ಕಷ್ಟ ಇಲ್ಲ. ಗೊತ್ತಾಗ್ದೆ ಹೆಂಗೆ ಬಿಚ್ಚಲಿ?"

ಅಷ್ಟರಲ್ಲಿ ತಿಪಟೂರಿನಲ್ಲಿ ಅವಳ ರವಿಕೆ ಹೊಲಿಯುವ ನಸೀಮ್ ಬಾನು ಒಂದು ದಾರಿ ತೋರಿಸಿದಳು. ನೊಣವಿನಕೆರೆ ದಾಟಿ ಕೋಡಿಪಾಳ್ಯದಲ್ಲಿ ಹಳೇ ಚರ್ಚು ಇದೆಯಂತೆ. ಅಲ್ಲಿನ ಸಂತ ಅಂತೋಣಪ್ಪನ ಹತ್ತಿರ ಮಂಗಳವಾರ ಕೇಳಿಕೊಂಡರೆ ಕಳೆದುಹೋದದ್ದು ಸಿಗುತ್ತದಂತೆ. ತನ್ನ ಗಂಡ ಗೌಸ್ ಪೀರನ ಸ್ಕೂಟರ್ ಹಾಗೇ ಸಿಕ್ಕಿತಂತೆ. ಅಕ್ಕ ಅವತ್ತೇ ನಿಶ್ಚಯ ಮಾಡಿದಳು: "ಒಂದ್ಸಲ ಕೇಳಿ ನೋಡಾನ. ಅಮಾವಾಸ್ಯೆ ಒಳಗೆ ಏನೂ ಗೊತ್ತಾಗ್ದಿದ್ರೆ ನೀವು ಹೇಳ್ದಂಗೆ ಎಡೆ ಇಡ್ತೀನಿ."

"ಸ್ಕೂಟರ್ ಹುಡುಕೋ ಸ್ವಾಮಿಗೆ ಮನುಷ್ಯರ ವಿಚಾರ ಏನು ಗೊತ್ತಿರ್ತದೆ" ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ದನಿ ನನಗೇ ಜೋರಾಯಿತು ಅನ್ನಿಸಿತು.

ಮಂಗಳವಾರ ಹತ್ತೂವರೆಗೆ ಟಿವಿಎಸ್ ಮೇಲೆ ಅಕ್ಕನನ್ನು ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ನಾಲೆಯ ಸೇತುವೆ ಸಿಗುತ್ತದೆ. ನಾನು ಅತ್ತ ತಿರುಗಲಿಲ್ಲ. ಅಕ್ಕ ಮಾತ್ರ, "ನೀರು ಬಿಟ್ಟವ್ರೆ" ಅಂದಳು.

ತೆಂಗಿನ ತೋಟಗಳ ನಡುವೆ ಬೆಳ್ಳಗೆ ನಿಂತಿತ್ತು ಚರ್ಚು. ಗಂಟೆಯ ಗೋಪುರ ತೆಂಗಿಗಿಂತ ಒಂದು ಗರಿ ಎತ್ತರ. ಫಾದರ್ ಭಾನುವಾರ ಬರುವುದು. ಮಿಕ್ಕ ದಿನ ನೋಡಿಕೊಳ್ಳುವವರು ಇನ್ನಾಸಪ್ಪ ಅಂತ, ಎಪ್ಪತ್ತು ದಾಟಿದ ಹಿರಿಯರು. ಬಿಳಿ ಪಂಚೆ, ಸೊಂಟದಲ್ಲಿ ಬೀಗದ ಕೈ ಗೊಂಚಲು. ನಾವು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟಾಗ ಅವರೇ ನಗುತ್ತಾ ಹೇಳಿದರು: "ಧೈರ್ಯವಾಗಿ ಬಿಡಿ. ಹಬ್ಬದಾಗೆ ನೂರಾರು ಜೊತೆ ಬಿದ್ದಿರ್ತವೆ, ಒಂದೂ ಕಳೆದೋಗಲ್ಲ. ಅಂತೋಣಪ್ಪನ ಬಾಗ್ಲು ಇದು."

ಒಳಗೆ ಕಾಲಿಟ್ಟವನು ಬಂದ ಕೆಲಸವನ್ನೇ ಮರೆತೆ. ನಾನು ಮರಗೆಲಸದವನು. ಎಲ್ಲಿ ಹೋದರೂ ಮೊದಲು ನೋಡುವುದು ತಲೆಯ ಮೇಲಿನ ತೊಲೆ. ಇಲ್ಲಿ ನೋಡಿದರೆ ಒಂದು ತೊಲೆ ಇಲ್ಲ, ಒಂದು ಜಂತೆ ಇಲ್ಲ. ಎರಡೂ ಗೋಡೆಯಿಂದ ಎದ್ದ ಗಾರೆಯ ಕಮಾನುಗಳು ನೆತ್ತಿಯಲ್ಲಿ ಕೈ ಜೋಡಿಸಿದ ಹಾಗೆ ಕೂಡಿಕೊಂಡಿದ್ದವು. ಇಟ್ಟಿಗೆ, ಸುಣ್ಣ, ಬೆಲ್ಲದ ನೀರು, ಅಷ್ಟೇ ಅಂತೆ. ನೂರ ಮೂವತ್ತು ವರ್ಷದಿಂದ ಬರೀ ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಕತ್ತು ನೋಯುವವರೆಗೂ ನೋಡಿದೆ. ಕಟ್ಟಿಸಿದ ಪರದೇಶದ ಪಾದ್ರಿ ಯಾರೋ, ಕಟ್ಟಿದ ಗಾರೆಯವನು ಯಾರೋ, ಇಬ್ಬರಿಗೂ ಮನಸ್ಸಿನಲ್ಲೇ ಕೈ ಮುಗಿದೆ.

ಎತ್ತರದ ಕಿಟಕಿಗಳಿಗೆ ಬಣ್ಣದ ಗಾಜು. ಹೊರಗಿನ ಬಿಸಿಲು ಅದರಲ್ಲಿ ಸೋಸಿ, ಕೆಂಪು ನೀಲಿಯಾಗಿ ಕಡಪಾ ಕಲ್ಲಿನ ಮೇಲೆ ಬಿದ್ದಿತ್ತು. ಅಕ್ಕ ನಡೆದಂತೆ ಅವಳ ಸೀರೆಯ ಬಣ್ಣ ಬದಲಾಗುತ್ತಿತ್ತು. ಪಾದ್ರಿಗಳು ನಿಂತು ಪ್ರವಚನ ಹೇಳುವ ಒಂದು ಮರದ ಕಟಾಂಜನವಿತ್ತು, ಹೊನ್ನೆ ಮರದ್ದು. ಬೆರಳಿಟ್ಟು ಹುಡುಕಿದೆ, ಎಲ್ಲೂ ಮೊಳೆ ಇಲ್ಲ. ಸುತ್ತ ದ್ರಾಕ್ಷಿ ಬಳ್ಳಿ ಕೆತ್ತಿಸಿದ್ದಾರೆ ಅಂದರು ಇನ್ನಾಸಪ್ಪ. ನಾನು ಬಗ್ಗಿ ನೋಡಿ ನಕ್ಕುಬಿಟ್ಟೆ. ಕೆತ್ತಿದವನು ಜನ್ಮದಲ್ಲಿ ದ್ರಾಕ್ಷಿ ತೋಟ ಕಂಡವನಲ್ಲ, ಅದು ಅಪ್ಪಟ ತೊಂಡೆ ಬಳ್ಳಿ. ಕಾಯಿ ಮಾತ್ರ ಗೊಂಚಲು ಮಾಡಿದ್ದ.

"ನಿಮ್ಮ ಕಣ್ಣು ಚುರುಕು ಕಣ್ರೀ" ಅಂದರು ಇನ್ನಾಸಪ್ಪ, ಖುಷಿಯಾಗಿ. "ಈ ಕಡೆ ಬನ್ನಿ, ಗೋಡೆ ಚಿತ್ರ ತೋರಿಸ್ತೀನಿ. ಚಿಕ್ಕನಾಯಕನಹಳ್ಳಿ ಕಡೆಯೋರು ಒಬ್ರು ಬರೆದಿದ್ದು, ಅರವತ್ತು ವರ್ಷ ಆಯ್ತು."

ಮೊದಲನೆಯದರಲ್ಲಿ ಏಸು ಕತ್ತೆಯ ಮೇಲೆ ಊರೊಳಗೆ ಬರುತ್ತಿದ್ದಾನೆ. ಜನ ಬೀಸುತ್ತಿರುವುದು ನಮ್ಮ ತೆಂಗಿನ ಗರಿ. ಗುಂಪಿನಲ್ಲಿ ಒಬ್ಬನ ಹೆಗಲ ಮೇಲೆ ಹಸಿರು ಟವೆಲ್ಲು. ಪರದೇಶದ ಕತೆಯನ್ನು ತನ್ನ ತೋಟಕ್ಕೆ ತಂದು ಕೂರಿಸಿದ್ದ ಆ ಪುಣ್ಯಾತ್ಮ. ಎರಡನೆಯದು ಏಸು ನದಿಯಲ್ಲಿ ನಿಂತು ದೀಕ್ಷೆ ತೆಗೆದುಕೊಳ್ಳುವುದು. ತಲೆಯ ಮೇಲೆ ನೀರು ಹೊಯ್ಯುತ್ತಿರುವ ಸನ್ಯಾಸಿ, ಮೇಲೆ ಪಾರಿವಾಳ. ನದಿಗೆ ಎರಡೂ ಕಡೆ ನೇರ ದಂಡೆ, ಕಲ್ಲಿನ ಮೆಟ್ಟಿಲು. ನದಿಗಿಂತ ಹೆಚ್ಚಾಗಿ ನಾಲೆಯ ಹಾಗಿತ್ತು.

ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ ಬರೆದಿತ್ತು. ಪಕ್ಕಪಕ್ಕ, ಮೂತಿ ನೀರಿನ ಕಡೆಗೆ.

ಹತ್ತಿರ ಹೋದೆ. ಎಡಗಾಲಿನ ಪಟ್ಟಿಯ ಮೇಲೆ ಸಣ್ಣದೊಂದು ನೀಲಿ ಗೆರೆ. ಬಣ್ಣ ಸಿಡಿದಿರಬಹುದು ಅಂದುಕೊಂಡೆ. ಅರವತ್ತು ವರ್ಷದ ಹಿಂದಿನ ಚಿತ್ರ, ಅವತ್ತು ಭಾವ ಇನ್ನೂ ಕೂಸು.

"ಈ ಚಪ್ಪಲಿ ಯಾಕೆ ಬರೆದ್ರು?" ಅಂತ ಕೇಳಿದೆ.

ಇನ್ನಾಸಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. "ನಾನು ಇದುವರೆಗೂ ಗಮನಿಸಿರಲಿಲ್ಲ ನೋಡಿ. ನೀರಿಗಿಳಿಯೋರು ಬಿಟ್ಟೇ ಇಳೀತಾರಲ್ವೇ."

ಅಕ್ಕ ನಮ್ಮ ಕಡೆ ಇರಲಿಲ್ಲ. ಅವಳು ಬಲಗಡೆಯ ಸಣ್ಣ ಪೀಠದ ಹತ್ತಿರ ಆಗಲೇ ಕೂತಿದ್ದಳು. ಅಲ್ಲಿ ಕಂದು ನಿಲುವಂಗಿಯ ಅಂತೋಣಪ್ಪ, ತೋಳಿನಲ್ಲಿ ಮಗು. ಮನೆಯಿಂದ ತಂದಿದ್ದ ತೆಂಗಿನಕಾಯಿಯನ್ನು ಮುಂದಿಟ್ಟು, ಮೇಣದ ಬತ್ತಿ ಹಚ್ಚಿ, ಸೆರಗು ಹೊದ್ದು ಮಾತಾಡುತ್ತಿದ್ದಳು. ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆ. "ಮಗೀನ ಎತ್ಕಂಡಿದೀಯ, ನೀನು ಒಳ್ಳೇವ್ನೇ ಇರ್ಬೇಕು. ಹೆಣ್ಣು ಹೆಂಗಸು ಕೇಳ್ತಾ ಇದೀನಿ. ಇದಾರೋ ಇಲ್ವೋ. ಅಷ್ಟೇ."

ಲೊಟಕ್.

ಕಮಾನಿನ ಮೇಲೆ, ಪೀಠದ ಕಡೆಯಿಂದ. ಸ್ವಲ್ಪ ತಡೆದು ಇನ್ನೊಂದು. ನನಗೆ ಏನೂ ಅನ್ನಿಸಲಿಲ್ಲ. ಐವತ್ತು ವರ್ಷದ ಅಭ್ಯಾಸ. ಬಾಯಿ ತಾನೇ ಆಡಿತು: "ಕಾಯಿ ಚೆನ್ನಾಗಿ ಒಣಗಿವೆ ಕಣ್ರೀ. ಇಳಿಸ್ಬೋದು."

"ಯಾವ ಕಾಯಿ?" ಅಂದರು ಇನ್ನಾಸಪ್ಪ.

"ಅಟ್ಟದಲ್ಲಿ ಹಾಕಿದೀರಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಅಟ್ಟ ಎಲ್ಲೈತೆ ಯಜಮಾನ್ರೇ? ಇದೇ ಛಾವಣಿ. ಇದರ ಮೇಲೆ ಆಕಾಶ."

ಈಗ ತಾನೇ ಆ ಕಮಾನನ್ನು ಮನಸಾರೆ ಮೆಚ್ಚಿದವನು ನಾನು. ಅದರ ಮೇಲೆ ಅಟ್ಟ ಕೂರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು. ನಾಚಿಕೆಯಾಯಿತು. ಇನ್ನಾಸಪ್ಪನಿಗೆ ಸದ್ದು ಕೇಳಿಸಿಯೇ ಇರಲಿಲ್ಲ. ಅಕ್ಕ ಮಾತ್ರ ತಲೆ ಎತ್ತಿದ್ದಳು.

"ನಮ್ಮ ಮನೇಲಿ ಬರೋ ಸದ್ದೇ ಕಣ್ಲಾ ಭೀಮ" ಅಂದಳು.

"ಪಾರಿವಾಳ ಇರ್ತವೆ, ನೋಡ್ಕಂಡ್ ಬತ್ತೀನಿ" ಅಂದೆ. ಅವಳ ಕಣ್ಣೆದುರಿನಿಂದ ದೂರ ಹೋಗಬೇಕಿತ್ತು ನನಗೆ. ಇನ್ನಾಸಪ್ಪ ಗೋಪುರದ ಬೀಗದ ಕೈ ಕೊಟ್ಟರು. ಸುತ್ತುವ ಕಲ್ಲಿನ ಮೆಟ್ಟಿಲು, ಇಕ್ಕಟ್ಟು, ಬಾವಲಿ ವಾಸನೆ. ಮೇಲೆ ಗಂಟೆಯ ಪಕ್ಕದ ಕಿಂಡಿಯಿಂದ ನೋಡಿದರೆ ಚರ್ಚಿನ ಬೆನ್ನು ಪೂರ್ತಿ ಕಾಣುತ್ತದೆ. ಒಣಗಿದ ಪಾಚಿ, ಬಿಸಿಲು. ಒಂದು ಪಾರಿವಾಳವೂ ಇರಲಿಲ್ಲ. ಸುತ್ತ ಎಲ್ಲಿ ನೋಡಿದರೂ ತೆಂಗು, ಗಾಳಿಯಿಲ್ಲದೆ ಸುಮ್ಮನೆ ನಿಂತಿತ್ತು.

ಆಗ ಸದ್ದು ಮತ್ತೆ ಕೇಳಿಸಿತು. ಈ ಸಲ ನನ್ನ ಕಾಲ ಕೆಳಗೆ, ಚರ್ಚಿನ ಒಳಗೆ. ಲೊಟಕ್, ಲೊಟಕ್, ಒಂದರ ಹಿಂದೆ ಒಂದು, ಒಂದೇ ಅಂತರದಲ್ಲಿ, ಪೀಠದ ಕಡೆಯಿಂದ ಬಾಗಿಲ ಕಡೆಗೆ. ಸವೆದ ಚಪ್ಪಲಿಯ ಹಿಮ್ಮಡಿ ಕಲ್ಲಿಗೆ ತಾಗುವ ಸದ್ದು. ಏಳು ವರ್ಷ ನಾನು ಇಲಿ ಅಂದದ್ದು ಇದನ್ನೇ. ಅಕ್ಕ ಕಾಯಿ ಅಂದುಕೊಂಡದ್ದು ಇದನ್ನೇ. ಕಾಯಿ ಹೊರಳಿದರೆ ಸದ್ದಿಗೆ ಲೆಕ್ಕ ಇರುವುದಿಲ್ಲ, ಇದು ನಡಿಗೆ.

ಮೆಟ್ಟಿಲು ಹೇಗೆ ಇಳಿದೆನೋ, ಮೊಣಕೈ ತರಚಿತ್ತು. ಒಳಗೆ ಎಲ್ಲ ಮೊದಲಿನ ಹಾಗೇ ಇತ್ತು. ಇನ್ನಾಸಪ್ಪ ಮೇಣದ ಬತ್ತಿಯ ಚೂರು ಕೆರೆಯುತ್ತಿದ್ದರು. ಅಕ್ಕ ಬೆಂಚಿನ ಒಂದು ತುದಿಗೆ ಸರಿದು ಕೂತಿದ್ದಳು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟ ಹಾಗೆ.

"ನೀನು ಹತ್ತಿದ ಮೇಲೆ ಯಾರೋ ಬಂದು ಕುಂತಂಗಾಯ್ತು ಕಣಪ್ಪ" ಅಂದಳು. ಹೆದರಿದ ದನಿಯಲ್ಲ. "ಒಸಿ ಹೊತ್ತು ಕುಂತಿದ್ದು ಎದ್ದು ಹೋದಂಗಾಯ್ತು."

"ಹೋಗಾನ ನಡಿ ಅಕ್ಕ" ಅಂದೆ.

ಹೊರಡುವಾಗ ನೋಡಬಾರದು ಅಂದುಕೊಂಡೇ ಆ ಗೋಡೆಯ ಕಡೆ ನೋಡಿದೆ. ಏಸು ನೀರಿನಲ್ಲಿ ನಿಂತಿದ್ದ. ಸನ್ಯಾಸಿಯ ಕೈಯಿಂದ ನೀರು ಬೀಳುತ್ತಿತ್ತು. ಮೇಲೆ ಪಾರಿವಾಳ. ಕಲ್ಲಿನ ಮೆಟ್ಟಿಲ ಮೇಲೆ ಏನೂ ಇರಲಿಲ್ಲ. ಬೆರಳಿನಿಂದ ಸವರಿದೆ. ಹಳೆಯ ಬಣ್ಣ, ಹಳೆಯ ಬಿರುಕು, ಎಲ್ಲೂ ಅಳಿಸಿದ ಗುರುತಿಲ್ಲ.

ಹೊರಗೆ ಬಿಸಿಲು ನೆತ್ತಿಯ ಮೇಲಿತ್ತು. ಮೆಟ್ಟಿಲ ಕೆಳಗೆ ನಾವು ಬಿಟ್ಟದ್ದು ಎರಡು ಜೊತೆ. ಈಗ ಮೂರು ಜೊತೆ ಇದ್ದವು. ನನ್ನವು ಒಂದು ಕಡೆ, ಅಕ್ಕನವು ಒಂದು ಕಡೆ, ನಡುವೆ ಇನ್ನೊಂದು ಜೊತೆ. ಪಕ್ಕಪಕ್ಕ, ಮೂತಿ ನಮ್ಮ ಕಡೆಗೆ.

"ಯಾರೋ ಒಳಕ್ಕೆ ಬಂದವ್ರೆ" ಅಂತ ಇನ್ನಾಸಪ್ಪ ಹಿಂತಿರುಗಿ ಚರ್ಚಿನೊಳಗೆ ಇಣುಕಿದರು.

ಅಕ್ಕ ಒಂದೊಂದೇ ಮೆಟ್ಟಿಲು ಇಳಿದು ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಎಡಗಾಲಿನದನ್ನು ಎತ್ತಿ ಆ ನೀಲಿ ಹೊಲಿಗೆಯನ್ನು ಹೆಬ್ಬೆರಳಲ್ಲಿ ಸವರಿದಳು. ಆ ಹೊಲಿಗೆ ಅವಳದೇ, ಗೋಣಿಚೀಲ ಹೊಲಿಯುವ ದಬ್ಬಳದಲ್ಲಿ ಹಾಕಿದ್ದು. ನನಗೆ ಅವಳು ಕೂಗುತ್ತಾಳೆ, ಬೀಳುತ್ತಾಳೆ ಅನ್ನಿಸಿತ್ತು. ಅವಳು ಚಪ್ಪಲಿಯನ್ನು ಮೂಗಿನ ಹತ್ತಿರ ಹಿಡಿದಳು.

"ಹೊಗೆ ವಾಸ್ನೆ" ಅಂದಳು. ಆಮೇಲೆ ಪಟ್ಟಿಗೆ ಅಂಟಿದ್ದ ಒಂದು ಎಳೆ ತೆಂಗಿನ ನಾರನ್ನು ಬಿಡಿಸಿದಳು. ಬೆರಳಿಗೆ ಕರಿ ಹತ್ತಿತು. ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದಳು. "ಇದು ನಮ್ಮ ಅಟ್ಟದ ಮಸಿ."

ಅವಳು ನನ್ನ ಕಡೆ ತಿರುಗಿದಳು.

"ನಮ್ಮ ಅಟ್ಟ ಹತ್ತೋನು ನೀನೊಬ್ಬನೇಯ."

ಆಗ ಹೇಳಿದೆ. ತೂಬಿನ ಮೆಟ್ಟಿಲು, ನೀರು, ಗೂಡು, ನಾಲ್ಕು ಮೊಳೆ, ಎಲ್ಲ ಹೇಳಿದೆ. ಮುಗಿದ ಮೇಲೆ ಅಕ್ಕ ಒಂದೇ ಒಂದು ಕೇಳಿದಳು, ಏಳು ವರ್ಷದಿಂದ ನಾನು ಯಾವುದಕ್ಕೆ ಹೆದರಿ ಬದುಕಿದ್ದೆನೋ ಅದನ್ನೇ ಕೇಳಿದಳು. "ಹಿಂದಿನ ದಿನ ಏನಂದಿದ್ದೆ ಅವ್ರಿಗೆ?"

ಹೇಳಲೇಬೇಕಾಯಿತು. "ಹೆಂಡ್ತಿ ದುಡಿದು ಹಾಕಿದ್ದು ತಿನ್ನೋನಿಗೆ ತೊಲೆ ಅಳತೆ ಹೆಂಗೆ ಗೊತ್ತಾಗ್ಬೇಕು ಅಂದೆ ಅಕ್ಕ. ನೀನಿಲ್ದಿದ್ರೆ ನಮ್ಮಕ್ಕ ಸುಖವಾಗಿರ್ತಿದ್ಲು ಅಂದೆ."

ಅವಳು ಚಪ್ಪಲಿ ಜೊತೆಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಗಾಡಿ ಹತ್ತಿದಳು. ಇನ್ನಾಸಪ್ಪ ಹಿಂದಿನಿಂದ, "ಒಳಗೆ ಯಾರೂ ಇಲ್ಲ ಕಣ್ರೀ" ಅಂತ ಕೂಗಿ ಹೇಳಿದರು. ನಾಲೆಯ ಸೇತುವೆ ಬಂದಾಗ ಅಕ್ಕ, "ನಿಲ್ಸು" ಅನ್ನಬಹುದು ಅಂತ ನಿಧಾನ ಮಾಡಿದೆ. ಅನ್ನಲಿಲ್ಲ.

ಮನೆಗೆ ಬಂದು ಬಾಗಿಲು ತೆಗೆದವಳೇ ಏಣಿ ತೋರಿಸಿದಳು. "ಹತ್ತು. ಎಲ್ಲಿಟ್ಟಿದ್ದೆ ತೋರ್ಸು."

ಹತ್ತಿದೆ. ಹಿಂದೆಯೇ ಅವಳೂ ಹತ್ತಿದಳು, ಆ ವಯಸ್ಸಿನಲ್ಲಿ, ಒಂದು ಕೈಯಲ್ಲಿ ಮಡಿಲು ಹಿಡಿದುಕೊಂಡು. ಕಾಯಿಗಳ ನಡುವೆ ಜಾಗ ಮಾಡಿಕೊಂಡು ದೊಡ್ಡ ತೊಲೆಯ ಹತ್ತಿರ ಹೋದೆವು. ಹಲಗೆ ಇತ್ತು. ನಾಲ್ಕೂ ಮೊಳೆ ನಾನು ಹೊಡೆದ ಹಾಗೇ ಇದ್ದವು, ತುಕ್ಕು ಹಿಡಿದು ಮರಕ್ಕೆ ಕಚ್ಚಿಕೊಂಡಿದ್ದವು. ಮೇಲೆ ಜೇಡರ ಬಲೆ ಹರಿಯದೆ ಕೂತಿತ್ತು. ಯಾರ ಕೈಯೂ ಅದನ್ನು ಮುಟ್ಟಿರಲಿಲ್ಲ. ಉಳಿ ಹಾಕಿ ಮೀಟಿದೆ. ಮೊಳೆಗಳು ಕಿರುಗುಟ್ಟಿಕೊಂಡು ಬಂದವು.

ಒಳಗೆ ಏನೂ ಇರಲಿಲ್ಲ. ಏಳು ವರ್ಷದ ಧೂಳು ದಪ್ಪಗೆ ಕೂತಿತ್ತು. ಅದರ ನಡುವೆ ಎರಡು ಪಾದದಷ್ಟು ಜಾಗ ಮಾತ್ರ ಧೂಳಿಲ್ಲದೆ ಸ್ವಚ್ಛವಾಗಿತ್ತು.

ಅಕ್ಕ ಮಡಿಲಿನಿಂದ ಚಪ್ಪಲಿ ತೆಗೆದು ಅಲ್ಲಿ ಇಟ್ಟು ನೋಡಿದಳು. ಸರಿಯಾಗಿ ಕೂತವು. ಮತ್ತೆ ಎತ್ತಿಕೊಂಡಳು. "ನಾನು ಇದರ ಕೆಳಗೇ ಮಲಗ್ತಿದ್ದೆ" ಅಂದಳು. "ನಡ್ದಾಡ್ತಾ ಅವ್ರೆ, ಇಳಿಸ್ಕೊಳ್ಳೇ ಅಂತ ಕೇಳ್ತಾ ಅವ್ರೆ, ನಾನು ಕಾಯಿ ಅಂದ್ಕಂಡು ಮಲಗ್ತಿದ್ದೆ."

"ಅಕ್ಕ" ಅಂದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. ಅಳುತ್ತಿರಲಿಲ್ಲ. ನಾನು ಚಿಕ್ಕವನಾಗಿದ್ದಾಗ ಸ್ನಾನ ಮಾಡಿಸಿ, ಕಣ್ಣಿಗೆ ಸೀಗೆಪುಡಿ ಹೋಯಿತೇನೋ ಅಂತ ನೋಡುತ್ತಿದ್ದ ಹಾಗೆ ನೋಡಿದಳು.

"ಸುಖವಾಗಿದೀನಾ ಭೀಮ?"

ನಾನು ತೊಲೆ ಹಿಡಿದುಕೊಂಡು ನಿಂತೆ.

ಕೆಳಗೆ ಇಳಿದ ಮೇಲೆ ಅವಳು ದೇವರ ಮುಂದೆ ಕೂತು ತಾಳಿ ಬಿಚ್ಚಿ ತಟ್ಟೆಯಲ್ಲಿಟ್ಟಳು. ಪಕ್ಕದಲ್ಲಿ ಚಪ್ಪಲಿ ಇಟ್ಟಳು. ನನ್ನ ಕಡೆ ನೋಡದೆಯೇ ಹೇಳಿದಳು: "ಅಮಾವಾಸ್ಯೆಗೆ ಎಡೆ ನಾನೇ ಇಡ್ತೀನಿ. ನೀನು ಬರ್ಬೇಡ. ಇನ್ಮೇಲೆ ಈ ಅಟ್ಟಕ್ಕೂ ಹತ್ಬೇಡ. ಬೇರೆ ಆಳು ಸಿಗ್ತಾರೆ."

ಅಮಾವಾಸ್ಯೆಯ ದಿನ ಸೌಂದರ್ಯ ಬಂದಳು, ದಾಯಾದಿಗಳೆಲ್ಲ ಬಂದರು. ನಾನು ನನ್ನ ಮನೆಯಲ್ಲೇ ಇದ್ದೆ. ಮಧ್ಯಾಹ್ನ ನನ್ನ ಹೆಂಡತಿ ಮಂಜಮ್ಮ ಅಲ್ಲಿಂದ ಬಂದು ಎಲ್ಲ ಸರಿಯಾಗಿ ನಡೆಯಿತು ಅಂದಳು. ಅಕ್ಕನ ಮನೆಯಲ್ಲಿ ಈಗ ಸದ್ದು ಪೂರ್ತಿ ನಿಂತಿದೆಯಂತೆ, ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿದೆಯಂತೆ. ನನಗೆ ಸಮಾಧಾನವಾಯಿತು. ನಿಜವಾಗಿಯೂ ಆಯಿತು. ಅಕ್ಕ ಕಳಿಸಿದ್ದ ಎಡೆಯ ಅಡುಗೆಯಲ್ಲಿ ನನ್ನ ಪಾಲೂ ಇತ್ತು. ಅದನ್ನು ನೋಡಿ ಕಣ್ಣು ತುಂಬಿತು. ಎಲೆ ಹಾಕಿಕೊಂಡು ಕೂತೆ.

ಮೊದಲ ತುತ್ತು ಬಾಯಿಗಿಟ್ಟಿರಲಿಲ್ಲ. ತಲೆಯ ಮೇಲೆ, ಮೋಲ್ಡಿನ ಮೇಲೆ, ಮೂಲೆಯಿಂದ ಮೂಲೆಗೆ ನಿಧಾನವಾಗಿ ಸದ್ದು ಬಂತು. ಒಂದೇ ಅಂತರದಲ್ಲಿ.

ಮಂಜಮ್ಮ ತಲೆ ಎತ್ತಲೂ ಇಲ್ಲ. ಸಾರು ಬಡಿಸುತ್ತಾ, "ತಾರಸಿ ಮೇಲೆ ಕಾಯಿ ಹಾಕಿದೀರಾ? ಒಣಗಿದಂಗೆ ಕಾಣ್ತವೆ, ಇಳಿಸ್ರಿ" ಅಂದಳು.

ಇನ್ನೊಂದು ಎಲೆ ಹಾಕು ಅಂದೆ.